ಗುಂಡಿಯ ಪಕ್ಕದ ಅಂಗಡಿ

ನಮ್ಮ ಕಡೆಯವರಿಗೆ ಬೆಂಗಳೂರು ಅಂದರೆ ಮೊದಲು ಮೆಜೆಸ್ಟಿಕ್ಕೇ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಬಸ್ಸುಗಳು ಜನರನ್ನು ತಂದು ಇಳಿಸುತ್ತಿದ್ದುದು ಅಲ್ಲಿ. ಮಾಲೂರಿನವರು ರೈಲು ಹತ್ತಿ ಬಂದರೂ ಸಿಟಿ ಸ್ಟೇಷನ್ನಿನ ಎದುರು ರಸ್ತೆ ದಾಟಿದರೆ ಅದೇ ಮೆಜೆಸ್ಟಿಕ್ಕು. ಹೈಕೋರ್ಟಿನ ವಾಯಿದೆ, ವಿಧಾನಸೌಧದಲ್ಲಿ ಸಿಕ್ಕಿಕೊಂಡ ಕಡತ, ಚಿಕ್ಕಪೇಟೆಯಲ್ಲಿ ಮದುವೆ ಜವಳಿ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಲಗಿದ ನೆಂಟರು, ಕೆಲಸ ಯಾವುದೇ ಇರಲಿ, ರಾತ್ರಿ ತಂಗಬೇಕಾಗಿ ಬಂದರೆ ಗಾಂಧಿನಗರದ ಲಾಡ್ಜುಗಳೇ ಗತಿ. ಅಂಥದ್ದೊಂದು ಲಾಡ್ಜಿನಲ್ಲಿ ನನ್ನ ಸೋದರಮಾವ ಮ್ಯಾನೇಜರಾಗಿದ್ದರು. ಎಂಬತ್ತರ ದಶಕದಲ್ಲಿ ಪಿಯುಸಿ ಮುಗಿಸಿ ಊರಲ್ಲಿ ಸುಮ್ಮನೆ ತಿರುಗಿಕೊಂಡಿದ್ದ ನನ್ನನ್ನು ಅವರು ಕರೆಸಿಕೊಂಡು ರಿಜಿಸ್ಟರ್ ಬರೆಯಲು ಕೂರಿಸಿದರು.

ಆ ರಿಜಿಸ್ಟರಿನಲ್ಲಿ ನಮ್ಮ ಜಿಲ್ಲೆ ಇಡಿಯಾಗಿ ಇತ್ತು. ಬೇಸಿಗೆ ಬಂತೆಂದರೆ ಶ್ರೀನಿವಾಸಪುರದ ಮಾವಿನ ಮಂಡಿಯವರು. ಮಳೆ ಹಿಡಿದು ಗೂಡು ಆರಿದಾಗ ಬಾಕಿ ವಸೂಲಿಗೆ ಬರುವ ಮಾಲೂರಿನ ಹೆಂಚು-ಇಟ್ಟಿಗೆ ಕಾರ್ಖಾನೆಯವರು. ವರ್ಷವಿಡೀ ಬರುವ ಮುಳಬಾಗಿಲಿನ ಜಮೀನು ವ್ಯಾಜ್ಯದವರು. ಇವರೆಲ್ಲರಿಗಿಂತ ಹೆಚ್ಚಾಗಿ, ಸೆಕೆಂಡ್ ಷೋ ಮುಗಿಸಿ ಊರಿನ ಬಸ್ಸು ತಪ್ಪಿಸಿಕೊಂಡ ಹುಡುಗರು. ಅವರಿಗೆ ರೂಮು ಬೇಡ, ಕಾಮನ್ ಹಾಲಿನಲ್ಲಿ ಒಂದು ಹಾಸಿಗೆ ಸಾಕು, ಬೆಳಗಿನ ಮೊದಲ ಬಸ್ಸಿಗೆ ಎಬ್ಬಿಸಿದರೆ ಸಾಕು. ‘ಅಳಿಯ, ಥಿಯೇಟರಿನವರು ನಮ್ಮ ಪಾಲಿನ ಅನ್ನದಾತರು ಕಣೋ’ ಎಂದು ಮಾವ ಹೇಳುತ್ತಿದ್ದುದು ತಮಾಷೆಗಲ್ಲ.

ಕೆಂಪೇಗೌಡ ರಸ್ತೆಯಲ್ಲಿ ಆಗ ಒಂದು ಥಿಯೇಟರಿನ ನೆರಳು ಇನ್ನೊಂದರ ಮೇಲೆ ಬೀಳುತ್ತಿತ್ತು. ಸಾಗರ್, ಸ್ಟೇಟ್ಸ್, ಗೀತಾ, ಹಿಮಾಲಯ, ಅಲಂಕಾರ್, ಸಂತೋಷ್, ನರ್ತಕಿ. ಹತ್ತಿರದಲ್ಲೇ, 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ್ದ ಕಪಾಲಿ. ಸಾವಿರದ ನಾನೂರಕ್ಕೂ ಮೇಲ್ಪಟ್ಟು ಜನ ಒಟ್ಟಿಗೆ ಕೂರುವ ಆ ಥಿಯೇಟರ್ ಬಿಟ್ಟಾಗ ಓಣಿಯ ಒಳಗೆ ಜನ ಕಟ್ಟೆಯೊಡೆದು ಬರುತ್ತಿದ್ದರು. ಆ ಬೀದಿಯ ವ್ಯಾಪಾರಕ್ಕೆ ತನ್ನದೇ ಗಡಿಯಾರವಿತ್ತು. ಮ್ಯಾಟಿನಿಗೆ ಮುಂಚೆ ಊಟದ ಮೆಸ್ಸು, ಇಂಟರ್‌ವಲ್ಲಿಗೆ ಕಡಲೆಕಾಯಿ-ಬೀಡಾ, ಷೋ ಬಿಟ್ಟ ಮೇಲೆ ಹಾಡಿನ ಪುಸ್ತಕ ಮಾರುವವನು, ರಾತ್ರಿ ಒಂದು ಗಂಟೆಗೆ ನಮ್ಮ ಲಾಡ್ಜು. ಇವರಲ್ಲಿ ಯಾರಿಗೂ ತಮ್ಮದೆಂಬ ಕಟ್ಟಡವಿರಲಿಲ್ಲ. ಎಲ್ಲರೂ ಬಾಡಿಗೆಯವರು, ಬಹಳ ಮಂದಿ ಪಗಡಿ ಕೊಟ್ಟು ಬಂದವರು. ‘ನಮ್ಮ ಅಂಗಡಿ’ ಎಂದು ಅವರು ಹೇಳುತ್ತಿದ್ದುದು ಗೋಡೆಗಲ್ಲ, ಆ ಹೊತ್ತಿಗೆ ಆ ಜಾಗಕ್ಕೆ ಬರುವ ಜನಕ್ಕೆ.

ಎತ್ತರದ ಕಟ್ಟಡ ಅಂದರೆ ಆಗ ನಮಗೆ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗು. 1973ರಲ್ಲಿ ಎದ್ದ ಅದಕ್ಕೆ 25 ಮಹಡಿ. ಬಿಡುವಿನ ದಿನ ಊರಿಂದ ಬಂದ ನೆಂಟರ ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಬುಡದಲ್ಲಿ ನಿಲ್ಲಿಸಿ ಕತ್ತೆತ್ತಿ ನೋಡಿಸುವುದು ನನ್ನ ಕೆಲಸವಾಗಿತ್ತು. ಮೆಜೆಸ್ಟಿಕ್ಕಿಗೂ ಅಂಥವು ಬಂದರೆ ನಮ್ಮ ಲಾಡ್ಜಿಗೆ ದೊಡ್ಡ ದೊಡ್ಡ ಗಿರಾಕಿಗಳು ಬರುತ್ತಾರೆ ಎಂಬ ಆಸೆ ಮಾವನಿಗಿತ್ತು. ಆ ಲೆಕ್ಕ ಪೂರ್ತಿ ಸುಳ್ಳೇನೂ ಅಲ್ಲ. ಅಲಂಕಾರ್ ಥಿಯೇಟರ್ ಹೋಗಿ ಅಲಂಕಾರ್ ಪ್ಲಾಜಾ ಬಂದಾಗ ಓಣಿಯ ಕೆಲವು ಅಂಗಡಿಗಳಿಗೆ ಹೊಸ ಜನ ಸಿಕ್ಕರು. ಹಗಲು ಖರೀದಿಗೆ ಬರುವ ಜನ. ರಾತ್ರಿ ತಂಗುವವರು ಮಾತ್ರ ಕಡಿಮೆಯಾದರು. ಕಟ್ಟಡ ಜನರನ್ನು ತರುತ್ತದೆ, ಹಳೆಯ ಅಂಗಡಿಗೆ ಬೇಕಾದ ಜನರನ್ನೇ ತರುತ್ತದೆ ಎಂಬ ಖಾತ್ರಿಯಿಲ್ಲ ಎನ್ನುವುದನ್ನು ನಾನು ಮೊದಲು ಕಂಡದ್ದು ಆ ರಿಜಿಸ್ಟರಿನ ಖಾಲಿ ಸಾಲುಗಳಲ್ಲಿ.

ತೊಂಬತ್ತರ ದಶಕದಲ್ಲಿ ನಾನು ಕೋಲಾರಕ್ಕೆ ಮರಳಿದೆ. ದೊಡ್ಡಪೇಟೆಗೆ ಸೇರಿದ ಒಂದು ಓಣಿಯಲ್ಲಿ ಬಾಡಿಗೆಗೆ ಜಾಗ ಹಿಡಿದು ಬೈಂಡಿಂಗ್ ಮತ್ತು ರಬ್ಬರ್ ಸ್ಟಾಂಪಿನ ಅಂಗಡಿ ಇಟ್ಟೆ. ಕಲ್ಲುಚಪ್ಪಡಿಯ ಸೂರು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಎರಡು ಕಡೆಯೂ ಜಂಟಿ ಗೋಡೆ. ಎಡಕ್ಕೆ ಶೆಟ್ಟರ ಗ್ರಂಥಿಗೆ ಅಂಗಡಿ, ಅದರಾಚೆ ಒಬ್ಬ ಟೈಲರು, ಎದುರಿಗೆ ಮುಳಬಾಗಿಲಿನವರ ದೋಸೆ ಹೋಟೆಲು. ನನ್ನ ಗಿರಾಕಿಗಳು ಅದೇ ಹಳೆಯ ನಾಲ್ಕು ದಿಕ್ಕಿನವರು. ಯುಗಾದಿಗೆ ಮುಂಚೆ ಶ್ರೀನಿವಾಸಪುರದ ಮಂಡಿಗಳಿಂದ ಲೆಕ್ಕದ ಪುಸ್ತಕಕ್ಕೆ ಆರ್ಡರು ಬರುತ್ತಿತ್ತು, ಮಾಲೂರಿನಿಂದ ಗೂಡಿನ ರಿಜಿಸ್ಟರು, ಕೋರ್ಟಿನ ಕಡೆಯಿಂದ ವಕೀಲರ ಕಾನೂನು ವರದಿಗಳ ಸಂಪುಟ. ರಟ್ಟು, ಕ್ಯಾಲಿಕೋ, ದಾರ, ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟು. ಹಣ ಹೇರಳವಲ್ಲ, ಆದರೂ ಮನೆ ನಡೆಯಿತು.

2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಹೆದ್ದಾರಿಯ ಪಕ್ಕದ ಹೊಲಗಳ ಮಾತುಕತೆ ಎಕರೆಯಿಂದ ಗುಂಟೆಗೆ, ಗುಂಟೆಯಿಂದ ಅಡಿಗೆ ಇಳಿಯಿತು. ಪೇಟೆಯೊಳಗಿನ ಹಳೆಯ ಮನೆಗಳ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಜಾಗ ಮಾರತೊಡಗಿದರು. ನನ್ನ ಬಲಗಡೆಯ ತೊಟ್ಟಿಮನೆಯೂ ಹಾಗೆ ಕೈ ಬದಲಾಯಿತು. ಕೊಂಡವರ ಹೆಸರು ಇಲ್ಲಿ ಬೇಡ. ಅಲ್ಲಿ ಏಳುವುದಿದ್ದದ್ದು ಬೆಂಗಳೂರಿನ ಲೆಕ್ಕಕ್ಕೆ ಎತ್ತರದ್ದೇನಲ್ಲ, ಕೆಲವೇ ಮಹಡಿಯ ಕಾಂಪ್ಲೆಕ್ಸು. ನಮ್ಮ ಓಣಿಗೆ ಅದೇ ಯುಟಿಲಿಟಿ ಬಿಲ್ಡಿಂಗು.

ಜನ ದೂರುವುದು ಎತ್ತರವನ್ನು. ಬಿಸಿಲು ಬರಲ್ಲ, ಗಾಳಿ ಬರಲ್ಲ, ಊರಿನ ಚಂದ ಹೋಯಿತು ಎಂದು. ಪಕ್ಕದ ಅಂಗಡಿಯವನ ತೊಂದರೆ ಎತ್ತರದಿಂದ ಶುರುವಾಗುವುದಿಲ್ಲ, ಆಳದಿಂದ ಶುರುವಾಗುತ್ತದೆ. ಮೇಲೆ ಮಳಿಗೆ ಹೆಚ್ಚಿದಷ್ಟೂ ವಾಹನ ನಿಲ್ಲಿಸಲು ಜಾಗ ತೋರಿಸಬೇಕು ಎನ್ನುತ್ತದೆ ನಿಯಮ. ಇಕ್ಕಟ್ಟಿನ ಪೇಟೆಯಲ್ಲಿ ಆ ಜಾಗವನ್ನು ತೆಗೆಯುವುದೆಲ್ಲಿಂದ? ನೆಲದ ಕೆಳಗಿನಿಂದ. ಒಂದು ಸೆಲ್ಲಾರಿಗೆ ಹತ್ತು ಹನ್ನೆರಡು ಅಡಿ, ಎರಡಾದರೆ ಅದರ ದುಪ್ಪಟ್ಟು. ನಮ್ಮ ಹಳೆಯ ಅಂಗಡಿಗಳ ಪಾಯ ನಾಲ್ಕು ಅಡಿ ಇದ್ದರೆ ಹೆಚ್ಚು. ಆ ಪಾಯ ನಿಂತಿರುವುದು ತನ್ನ ಕೆಳಗಿನ ಮಣ್ಣಿನ ಬಲದಿಂದಷ್ಟೇ ಅಲ್ಲ, ಆ ಮಣ್ಣು ಪಕ್ಕಕ್ಕೆ ಜಾರದಂತೆ ಅದಕ್ಕೆ ಒತ್ತಿಕೊಂಡಿರುವ ಪಕ್ಕದ ಮಣ್ಣಿನ ಬಲದಿಂದ. ಪಕ್ಕದ್ದನ್ನು ತೆಗೆದರೆ ಇದು ಅತ್ತ ಸರಿಯುತ್ತದೆ. ಹಾಗಾಗದಿರಲು ಮೊದಲೇ ಅಂಚಿನಲ್ಲಿ ಸಾಲಾಗಿ ಕಾಂಕ್ರೀಟ್ ಪೈಲು ಇಳಿಸಬೇಕು, ಇಲ್ಲವೇ ತುಂಡು ತುಂಡಾಗಿ ಅಗೆದು ಪ್ರತಿ ತುಂಡಿಗೂ ತಡೆಗೋಡೆ ಕಟ್ಟಿಕೊಂಡು ಮುಂದೆ ಹೋಗಬೇಕು. ಎರಡಕ್ಕೂ ದುಡ್ಡು ಬೇಕು, ದಿನ ಬೇಕು.

ಕೋಲಾರದ ನೆಲಕ್ಕೆ ಇನ್ನೊಂದು ಗುಣವಿದೆ. ಸ್ವಲ್ಪ ಕೆಮ್ಮಣ್ಣು, ಅದರ ಕೆಳಗೆ ಮುರ, ಅದರ ಕೆಳಗೆ ಬಂಡೆ. ಜೆಸಿಬಿಗೆ ಬಗ್ಗದ ಬಂಡೆಗೆ ಹಿಟಾಚಿ ತಂದು ಬ್ರೇಕರ್ ಹಾಕಿದರು. ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮನೆ ಕಟಕಟ. ನನ್ನ ಮೇಜಿನ ಮೇಲಿನ ಅಂಟಿನ ಡಬ್ಬಿ ತಾನಾಗಿ ಅಂಚಿಗೆ ನಡೆದು ಹೋಗುತ್ತಿತ್ತು. ರಬ್ಬರ್ ಸ್ಟಾಂಪಿನ ಅಚ್ಚುಮೊಳೆ ಜೋಡಿಸಿಟ್ಟರೆ ಸಾಲು ಕದಲುತ್ತಿತ್ತು. ಕಲ್ಲುಚಪ್ಪಡಿಯ ಸಂದಿಯಿಂದ ಗಾರೆ ಉದುರಿ ಹೊಲಿಗೆ ಹಾಕಿದ ಪುಸ್ತಕಗಳ ಮೇಲೆ ಬೀಳುತ್ತಿತ್ತು. ಬಲಗೋಡೆಯಲ್ಲಿ ಕಪಾಟಿನ ಹಿಂದೆ ಕೂದಲೆಳೆಯಷ್ಟು ಬಿರುಕು ಕಂಡಾಗ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವನು ಬೆರಳಾಡಿಸಿ, ‘ಇದು ಹಳೇದು ಬಿಡಣ್ಣ’ ಅಂದ.

ಹಳೆಯದೋ ಹೊಸದೋ ತಿಳಿಯುವ ಉಪಾಯ ನನ್ನ ಕಸುಬಿನಲ್ಲೇ ಇತ್ತು. ಎಂಜಿನಿಯರುಗಳು ಬಿರುಕಿನ ಮೇಲೆ ತೆಳುಗಾಜಿನ ತುಂಡನ್ನು ಎರಡೂ ಕಡೆ ಗಚ್ಚು ಮಾಡಿ ಕೂರಿಸುತ್ತಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ನಾನು ಗಾಜಿನ ಬದಲು ಹಳೆಯ ಲೆಡ್ಜರಿನ ಕಾಗದವನ್ನು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ಅಂಟು ಬಳಿದು, ಬಿರುಕಿಗೆ ಅಡ್ಡಲಾಗಿ ಮೇಲೆ, ನಡುವೆ, ಕೆಳಗೆ ಅಂಟಿಸಿದೆ. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು ಬರೆದೆ. ಮೇಲಿನ ಪಟ್ಟಿ ಮೊದಲು ಬಿಗಿಯಾಯಿತು, ತಬಲದ ಚರ್ಮ ಬಿಗಿದಂತೆ. ಆಮೇಲೆ ಒಂದು ಮಳೆ ಬಂದು ಗುಂಡಿಯಲ್ಲಿ ನೀರು ನಿಂತು ಪಂಪು ಹಚ್ಚಿದ ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಅದು ನಡುವೆ ಹರಿದಿತ್ತು. ಕೆಳಗಿನದು ಹಾಗೇ ಇತ್ತು. ಗೋಡೆಯ ತಲೆ ಗುಂಡಿಯ ಕಡೆಗೆ ವಾಲುತ್ತಿದೆ, ಬುಡ ಇನ್ನೂ ಹಿಡಿದುಕೊಂಡಿದೆ ಎಂದು ಅರ್ಥ. ಈ ಸಲ ಮೇಸ್ತ್ರಿ ‘ಹಳೇದು’ ಅನ್ನಲಿಲ್ಲ. ಎರಡು ಸರ್ವೆ ಮರದ ಊರೆ ತಂದು ಕೊಟ್ಟು ಹೋದ.

ನನ್ನ ಗಿರಾಕಿಯೇ ಆಗಿದ್ದ ವಕೀಲರೊಬ್ಬರು ಕಾನೂನು ಹೇಳಿದರು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಒಂದು ಕಟ್ಟಡ ಪಕ್ಕದ ನೆಲದ ಆಸರೆಯನ್ನು ಇಪ್ಪತ್ತು ವರ್ಷ ತಕರಾರಿಲ್ಲದೆ ಅನುಭವಿಸಿದ್ದರೆ ಆ ಆಸರೆ ಅದರ ಹಕ್ಕಾಗುತ್ತದಂತೆ. ಕೇಳಿ ಸಂತೋಷವಾಯಿತು. ಆದರೆ ಕಟ್ಟಡ ನನ್ನದಲ್ಲ, ಅದರ ಮಾಲೀಕರದು. ಮಾಲೀಕರು ಬಂದು ನೋಡಿದರು, ಪಕ್ಕದವರೊಂದಿಗೆ ಒಳಗೆ ಕೂತು ಮಾತಾಡಿದರು, ಗೋಡೆ ಸರಿ ಮಾಡಿಸಿಕೊಡುವ ಒಪ್ಪಂದವಾಯಿತು. ಗೋಡೆ ಸರಿಯೂ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಬಾಡಿಗೆದಾರನ ಮಾತು ಎತ್ತಿದರೆ ವಕೀಲರು ನಕ್ಕರು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ 1999ರ ಬಾಡಿಗೆ ಕಾಯಿದೆ ಬಂದ ಮೇಲೆ 14 ಚದರ ಮೀಟರ್ ಮೀರಿದ ವ್ಯಾಪಾರದ ಮಳಿಗೆ ಅದರ ರಕ್ಷಣೆಯೊಳಗೇ ಬರುವುದಿಲ್ಲ. ಅದರೊಳಗೆ ಬಂದರೂ ಅದು ಕಾಯುವುದು ಜಾಗವನ್ನೇ ಹೊರತು ಗಿರಾಕಿಯನ್ನಲ್ಲ.

ನಾನು ಕಳೆದುಕೊಂಡದ್ದು ಗಿರಾಕಿಯನ್ನು. ಜಲ್ಲಿ, ಮರಳು, ಕಬ್ಬಿಣದ ರಾಶಿ ಓಣಿಯ ಬಾಯಿಗೆ ಬಿದ್ದಿತ್ತು. ಶ್ರೀನಿವಾಸಪುರದ ಮಂಡಿಯ ಗುಮಾಸ್ತ ಗಾಡಿ ಒಳಗೆ ತರಲಾಗದೆ ಒಂದು ಸಲ ತಿರುಗಿ ಹೋದ. ಮುಂದಿನ ಯುಗಾದಿಗೆ ಅವನು ಚಿಂತಾಮಣಿಯಲ್ಲಿ ಬೈಂಡ್ ಮಾಡಿಸಿಕೊಂಡಿದ್ದ. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕ್ಲಾಕ್ ಟವರ್ ಹತ್ತಿರ ಸಿಕ್ಕಾಗ ಕಾಫಿ ಕೊಡಿಸಿದ. ‘ನಿಮ್ಮ ಓಣಿ ಬಂದ್ ಅಲ್ವಾ ಅಣ್ಣ’ ಎಂದ. ಓಣಿ ಬಿಚ್ಚಿ ಎಷ್ಟೋ ತಿಂಗಳಾಗಿತ್ತು. ಕಾಲಿಗೆ ಒಂದು ಸಲ ಬೇರೆ ದಾರಿ ಅಭ್ಯಾಸವಾದರೆ ಹಳೆಯ ದಾರಿ ತೆರೆದಿದೆ ಎಂದು ಯಾರೂ ಅದಕ್ಕೆ ತಿಳಿಸಿ ಹೇಳಲಾರರು. ಕಟ್ಟಡ ಎದ್ದು ನಿಂತ ಮೇಲೆ ಆಗುವ ನಷ್ಟಕ್ಕಿಂತ, ಅದು ಏಳುತ್ತಿರುವ ವರ್ಷಗಳಲ್ಲಿ ಆಗುವ ನಷ್ಟ ದೊಡ್ಡದು. ಆ ನಷ್ಟಕ್ಕೆ ಯಾವ ಖಾತೆಯಲ್ಲೂ ಕಾಲಮ್ಮಿಲ್ಲ.

ಎಲ್ಲವನ್ನೂ ಗುಂಡಿಯ ತಲೆಗೆ ಕಟ್ಟಿದರೆ ನ್ಯಾಯವಾಗುವುದಿಲ್ಲ. ಟ್ಯಾಲಿ ಬಂದು ಮಂಡಿಯ ಲೆಕ್ಕ ಕಂಪ್ಯೂಟರಿಗೆ ಹೋಗುತ್ತಿತ್ತು. ವಕೀಲರ ಸಂಪುಟಗಳೂ ಪರದೆಯ ಮೇಲೆ ಬರತೊಡಗಿದ್ದವು. ನನ್ನ ಕಸುಬಿಗೆ ಹೇಗೂ ವಯಸ್ಸಾಗಿತ್ತು. ಓಣಿಯಲ್ಲೇ ಎಲ್ಲರಿಗೂ ಒಂದೇ ರೀತಿ ಆಗಲೂ ಇಲ್ಲ. ದೋಸೆ ಹೋಟೆಲಿನವರಿಗೆ ಗುಂಡಿಯ ಕಾಲವೇ ಸುಗ್ಗಿ. ರಾಯಚೂರಿನ ಕಡೆಯ, ಬಿಹಾರದ, ಒಡಿಶಾದ ಕೂಲಿಯವರಿಗೆ ಬೆಳಗ್ಗೆ ಅಲ್ಲೇ ತಿಂಡಿ. ಕಾಂಪ್ಲೆಕ್ಸು ಮುಗಿದು ಕೂಲಿಯವರು ಹೋದ ಮೇಲೆ ಹೋಟೆಲಿನ ಬೆಂಚುಗಳು ಖಾಲಿ ಬಿದ್ದವು. ಶೆಟ್ಟರ ಗ್ರಂಥಿಗೆ ಅಂಗಡಿಗೆ ಏನೂ ಆಗಲಿಲ್ಲ. ಅವರ ವ್ಯಾಪಾರ ನಡೆಯುವುದು ಪಂಚಾಂಗದ ಮೇಲೆ. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮ ಬೇಕಾದವರು ಜಲ್ಲಿ ರಾಶಿ ಹತ್ತಿ ಇಳಿದು ಬಂದರು. ಟೈಲರ್ ಮಾತ್ರ ಧೂಳಿಗೆ ಸೋತ. ಹೊಲಿದ ಬಿಳಿ ಪಂಚೆ ಶರಟು ಸಂಜೆಗೆ ಕೆಂಪಾಗುತ್ತಿದ್ದವು. ಮದುವೆ ಕಾಲದ ಒಂದು ದೊಡ್ಡ ಆರ್ಡರ್ ವಾಪಸ್ಸಾದ ಮೇಲೆ ಮಿಷನ್ನು ಮನೆಗೆ ಸಾಗಿಸಿದ. ಅವನ ಮಗಳು ಈಗ ಅದೇ ಕಾಂಪ್ಲೆಕ್ಸಿನ ರೆಡಿಮೇಡ್ ಬಟ್ಟೆಯ ಮಳಿಗೆಯಲ್ಲಿ ಬಿಲ್ ಹಾಕುತ್ತಾಳೆ. ‘ನಂದೇನ್ ಹೋಯ್ತು ಬಿಡಣ್ಣ, ಅವಳಿಗೆ ಫ್ಯಾನ್ ಕೆಳಗೆ ಕೆಲಸ ಸಿಕ್ತು’ ಎನ್ನುತ್ತಾನೆ. ಆ ಮಾತಿನಲ್ಲಿ ಕಹಿಯೂ ಇದೆ, ನಿಜವೂ ಇದೆ.

ಈ ನಡುವೆ ಕಪಾಲಿ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಕೆಡವಿದ ಜಾಗದಲ್ಲಿ ಮಾಲ್ ಬರುತ್ತದೆ ಎಂದರು, ಅಗೆತ ಶುರುವಾಯಿತು. 2020ರ ಜುಲೈ ಕೊನೆಯಲ್ಲಿ ಒಂದು ರಾತ್ರಿ ಆ ಗುಂಡಿಗೆ ತಾಗಿದ್ದ ಹಳೆಯ ಬಹುಮಹಡಿ ಲಾಡ್ಜು ಕುಸಿಯಿತು. ಕಟ್ಟಡ ವಾಲಿದ್ದು ಕಂಡು ಜನರನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಯಾರಿಗೂ ಜೀವಹಾನಿ ಆಗಲಿಲ್ಲ. ಪಕ್ಕದ ಆಳದ ಅಗೆತವೇ ಕಾರಣವೆಂದು ಪತ್ರಿಕೆಗಳು ಬರೆದವು. ಮೊಬೈಲಿನಲ್ಲಿ ಹರಿದಾಡಿದ ಆ ವಿಡಿಯೊ ನನಗೂ ಬಂತು. ನಮ್ಮ ಲಾಡ್ಜು ಅದಲ್ಲ, ಆದರೆ ಅದರ ಮುಂದೆ ನಾನು ನಡೆಯದ ದಿನವಿರಲಿಲ್ಲ. ಆ ಪ್ರದೇಶದ ನೆಲವೂ ಗಟ್ಟಿ ನೆಲವಲ್ಲ. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸುತ್ತಲಿನ ತಗ್ಗು ಒಂದು ಕಾಲಕ್ಕೆ ನೀರು ಹರಿದು ಬಂದು ಸೇರುತ್ತಿದ್ದ ಜಾಗ. ನಾನು ಅಂಟಿಸಿದ ಕಾಗದದ ಪಟ್ಟಿಯಲ್ಲಿ ಕಂಡದ್ದೂ ಆ ವಿಡಿಯೊದಲ್ಲಿ ಕಂಡದ್ದೂ ಒಂದೇ ಸಂಗತಿ. ಒಂದರಲ್ಲಿ ಊರೆ ಸಿಕ್ಕಿತ್ತು, ಇನ್ನೊಂದರಲ್ಲಿ ಸಿಗಲಿಲ್ಲ.

ಸುದ್ದಿಯಾದದ್ದು ಬಿದ್ದ ಕಟ್ಟಡ. ಬೀಳದೆ ನಿಂತ ಕಟ್ಟಡಗಳ ಬುಡದಲ್ಲಿ ಮುಚ್ಚಿಹೋದ ಅಂಗಡಿಗಳಿಗೆ ವಿಡಿಯೊ ಇರುವುದಿಲ್ಲ. ಹಳೆಯ ವ್ಯಾಪಾರ ಉಳಿಯುವುದೇ ಇಲ್ಲ ಎಂದು ಮಾತ್ರ ನಾನು ಒಪ್ಪುವುದಿಲ್ಲ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಹಳೆಯ ಜಾಗ ಬಿಡಬೇಕಾಗಿ ಬಂತು. ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ, ಅದೂ ಒಂದು ವಾಣಿಜ್ಯ ಸಂಕೀರ್ಣದೊಳಗೆ, ಮತ್ತೆ ತೆರೆಯಿತು. ಪೇಟ ಸುತ್ತಿದ ಮಾಣಿಗಳು ಅಲ್ಲೂ ಕಾಫಿ ತಂದುಕೊಟ್ಟರು, ಹಳೆಯ ಮಂದಿ ಹುಡುಕಿಕೊಂಡು ಹೋದರು. ಕೂಗಳತೆಯಲ್ಲೇ ಜಾಗ ಸಿಕ್ಕರೆ ಗಿರಾಕಿ ಹಿಂಬಾಲಿಸುತ್ತಾನೆ. ಅದೇ ವರ್ಷ, ಅದೇ ಚರ್ಚ್ ಸ್ಟ್ರೀಟಿನ ಆಸುಪಾಸಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ ಮುಚ್ಚಿತು. ಪುಸ್ತಕದ ರಾಶಿಯಲ್ಲಿ ಯಾವುದು ಎಲ್ಲಿದೆ ಎಂದು ಬಲ್ಲ ಅಂಗಡಿಯ ಯಜಮಾನರೇ ಆ ಅಂಗಡಿ ಆಗಿದ್ದರು. ಅದನ್ನು ಬೇರೆ ಜಾಗಕ್ಕೆ ಹೊತ್ತುಕೊಂಡು ಹೋಗುವುದು ಯಾರಿಂದ ಸಾಧ್ಯ? ಸಂಸ್ಥೆಯಾದದ್ದು ಜಾಗ ಬದಲಿಸಿ ಬದುಕಬಲ್ಲದು, ಒಬ್ಬನೇ ಮನುಷ್ಯನ ಅಂಗಡಿಗೆ ಅದು ಕಷ್ಟ. ನಮ್ಮ ಪೇಟೆಗಳಲ್ಲಿರುವುದು ಬಹುಪಾಲು ಒಬ್ಬನೇ ಮನುಷ್ಯನ ಅಂಗಡಿಗಳು.

ಕಟ್ಟಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಮಾಲೂರಿನ ಗೂಡುಗಳಲ್ಲಿ ಸುಟ್ಟ ಇಟ್ಟಿಗೆ ಎಲ್ಲೋ ಒಂದು ಗೋಡೆಯಾಗಿ ಏಳದಿದ್ದರೆ ಅಲ್ಲಿಯ ರಿಜಿಸ್ಟರು ಬೈಂಡಾಗಲು ನನ್ನ ಬಳಿಗೆ ಬರುತ್ತಿತ್ತೇ? ಕೋಲಾರದ ಪೇಟೆಯೊಳಗೆ ಇನ್ನೂ ಎಷ್ಟೋ ತೊಟ್ಟಿಮನೆಗಳು ಪಾಲಿಗೆ ಕಾದಿವೆ, ಮುಳಬಾಗಿಲು ಶ್ರೀನಿವಾಸಪುರಗಳಲ್ಲೂ ಹೆದ್ದಾರಿಯಿಂದ ಪೇಟೆಯ ಕಡೆಗೆ ಕಾಂಪ್ಲೆಕ್ಸುಗಳು ನಡೆದು ಬರುತ್ತಿವೆ. ನಾನು ಕೇಳುವುದು ಸಣ್ಣದು. ಗುದ್ದಲಿ ಪೂಜೆಗೆ ಮುಂಚೆ ನಗರಸಭೆಯವರು ಅಕ್ಕಪಕ್ಕದ ಗೋಡೆಗಳನ್ನು ನೋಡಿ, ಫೋಟೊ ತೆಗೆದು, ಇದ್ದ ಬಿರುಕಿಗೆ ಲೆಕ್ಕ ಬರೆದಿಡಲಿ. ಆಮೇಲೆ ಯಾವುದು ಹಳೆಯದು ಯಾವುದು ಹೊಸದು ಎಂಬ ಜಗಳವೇ ಹುಟ್ಟುವುದಿಲ್ಲ. ಮಳೆಗಾಲದ ಬಾಯಿಗೆ ಸೆಲ್ಲಾರ್ ತೋಡಲು ಪರವಾನಗಿ ಕೊಡದಿರಲಿ. ಓಣಿಯ ಬಾಯಿಯಲ್ಲಿ ಒಂದು ಕೈಗಾಡಿ ಹೋಗುವಷ್ಟು ದಾರಿ ಕೆಲಸ ಮುಗಿಯುವವರೆಗೂ ತೆರೆದಿರಲಿ, ಅದನ್ನು ಮುಚ್ಚಿದ ದಿನಕ್ಕೆ ದಂಡ ಇರಲಿ, ಆ ದಂಡ ಒಳಗಿನ ಅಂಗಡಿಯವರಿಗೆ ಸೇರಲಿ. ಮಹಜರ್ ಬರೆಯುವಾಗ ಕೆಳಗೆ ಕಟ್ಟುವವರ ಸಹಿ, ಪಕ್ಕದ ಮಾಲೀಕರ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅಲ್ಲಿ ಇನ್ನೊಂದು ಗೆರೆ ಎಳೆದು ಬಾಡಿಗೆದಾರನಿಗೂ ಸಹಿ ಮಾಡಲು ಜಾಗ ಬಿಡಲಿ. ಆ ನಮೂನೆಯ ರಿಜಿಸ್ಟರನ್ನು ಬೇಕಾದರೆ ನಾನೇ ಹೊಲಿದು ಕೊಡುತ್ತೇನೆ, ಕೂಲಿ ಬೇಡ.